ಇಬ್ಬರು ಲಾಲಸಾಬರಿಗೆ ಒಬ್ಬನೇ ಮೊಮ್ಮಗ

"ನಿಜಾಮುದ್ದೀನನ ಮನಿಗಿ ಸಕ್ಕರಿ ಕೇಳಾಕ ಹೋಗಬ್ಯಾಡ್ರಿ. ಸಕ್ಕರಿ ಸಿಗೂದಿಲ್ಲ, ಬರ್ಮಾದ ಕಾಡು ದಾಟಿಸಿ ಕಳಸ್ತಾನ." ವಿಜಯಪುರದ ಇಬ್ರಾಹಿಂಪುರದಲ್ಲಿ, ರೈಲು ಹಳಿಯ ಪಕ್ಕದ ಓಣಿಯಲ್ಲಿ ಹೆಂಗಸರು ಹೀಗೆ ಹೇಳುತ್ತಿದ್ದರು. ಗಂಡಸರ ಮಾತು ಇನ್ನೊಂದು. "ಅವರಜ್ಜ ವಿಮಾನದಾಗ ಹಾರಿದ್ನೋ ಇಲ್ಲೋ ಅಲ್ಲಾನ ಬಲ್ಲ. ಇವನ ಕಾಲಂತೂ ನೆಲಕ್ಕ ಹತ್ತಿಲ್ಲ." ಗೋಡೆಯ ಈಚೆ ಕೂತು ಅಕ್ಕಿ ಆರಿಸುತ್ತಿದ್ದ ನಿಜಾಮುದ್ದೀನನ ಹೆಂಡತಿ ಅಬೇದಾಳಿಗೆ ಎರಡೂ ಮಾತು ಕೇಳಿಸುತ್ತಿದ್ದವು. ಅವಳು ಎದ್ದು ಜಗಳಕ್ಕೆ ಹೋದದ್ದನ್ನು ಯಾರೂ ನೋಡಲಿಲ್ಲ. ಸುಳ್ಳಾಗಿದ್ದರೆ ಹೋಗುತ್ತಿದ್ದಳೇನೋ.

ನಿಜಾಮುದ್ದೀನ ಘೋಣಸಗಿ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ನಿವೃತ್ತನಾದವನು. ನೌಕರಿ ಇರುವಷ್ಟು ಕಾಲ ಅವನು ಮನಸ್ಸಿಟ್ಟು ಮಾಡಿದ ಕೆಲಸವೆಂದರೆ ಅರ್ಜಿಗಳನ್ನು ತಿರುಗಿ ಕಳಿಸುವುದು. ತಂದೆಯ ಹೆಸರು ರೇಶನ್ ಕಾರ್ಡಿನಲ್ಲಿ ಒಂದು ಬಗೆ, ಹೊಲದ ಉತಾರಿಯಲ್ಲಿ ಇನ್ನೊಂದು ಬಗೆ ಇದ್ದರೆ ಸಾಕು, ಕನ್ನಡಕವನ್ನು ಹಣೆಗೇರಿಸಿ, "ಇವ ಬ್ಯಾರೆ ಮನಷ್ಯಾ, ಇವ ಬ್ಯಾರೆ ಮನಷ್ಯಾ. ತಗೊಂಡ ಹೋಗ್ರಿ" ಎನ್ನುತ್ತಿದ್ದ. ಸಾರವಾಡದಿಂದ ಬಂದ ಮುದುಕಿಯರು, ಬಬಲೇಶ್ವರದಿಂದ ಬಂದ ವಿಧವೆಯರು ಅವನ ಮೇಜಿನ ಮುಂದೆ ತಮ್ಮ ಗಂಡ ಒಬ್ಬನೇ ಎಂದು ಆಣೆ ಮಾಡಬೇಕಾಗುತ್ತಿತ್ತು. ಈ ಮಹಾಶಯ ಮುಂದೆ ಇಬ್ಬರು ಗಂಡಸರನ್ನು ಒಬ್ಬನನ್ನಾಗಿ ಮಾಡಿದ. ಅದನ್ನೇ ಈಗ ಹೇಳಬೇಕಾಗಿದೆ.

ಮೊದಲು ಅವನ ಅಜ್ಜನ ವಿಷಯ. ಇವರ ಮೂಲ ತಿಕೋಟಾ ಕಡೆಯ ಘೋಣಸಗಿ. ಆ ಊರಿನಲ್ಲಿ ಮೊಹರಮ್ಮಿನ ಅಲಾಯಿ ಹಬ್ಬಕ್ಕೆ ಕೂರಿಸುವ ದೇವರುಗಳಲ್ಲಿ ಒಂದರ ಹೆಸರು ಲಾಲಸಾಬ. ಮಕ್ಕಳು ಉಳಿಯದ ಮನೆಯವರು, ಮುಸಲ್ಮಾನರಿರಲಿ ಕುರುಬರಿರಲಿ, ಆ ದೇವರಿಗೆ ಹರಕೆ ಹೊರುತ್ತಾರೆ. ಗಂಡು ಹುಟ್ಟಿದರೆ ದೇವರ ಹೆಸರನ್ನೇ ಇಡುತ್ತಾರೆ. ಹೀಗಾಗಿ ಘೋಣಸಗಿಯಲ್ಲಿ ನಿಂತು "ಲಾಲಸಾಬಾ" ಎಂದು ಕೂಗಿದರೆ ಒಬ್ಬ ಮಸೂತಿಯಿಂದ, ಇನ್ನೊಬ್ಬ ಬೀರದೇವರ ಗುಡಿಯಿಂದ ಎದ್ದು ಬರುತ್ತಿದ್ದ. ಇದು ಆ ಸೀಮೆಯ ಮಗುವಿಗೂ ಗೊತ್ತಿರುವ ಸಂಗತಿ. ನಿಜಾಮುದ್ದೀನನಿಗೂ ಗೊತ್ತಿತ್ತು. ಗೊತ್ತಿಲ್ಲದವನ ಮೇಲೆ ಯಾರಾದರೂ ಇಷ್ಟು ಸಿಟ್ಟಾಗುತ್ತಾರೆಯೇ?

ಅವನ ಅಜ್ಜ ಲಾಲಸಾಬ ಎರಡನೇ ಮಹಾಯುದ್ಧದ ಹೊತ್ತಿಗೆ ವಿಮಾನ ಪಡೆಯಲ್ಲಿ ನೌಕರಿಗೆ ಹೋಗಿ ಬಂದದ್ದು ನಿಜ. ಬಂದ ಮೇಲೆ ಕೆಲ ಕಾಲ ಊರಲ್ಲಿದ್ದು, ಆಮೇಲೆ ವಿಜಯಪುರಕ್ಕೆ ಬಂದು ಭಜಿ ಅಂಗಡಿ ಹಾಕಿದ. ಯುದ್ಧದ ಬಗ್ಗೆ ಅವನು ಮನೆಯಲ್ಲಿ ಹೇಳುತ್ತಿದ್ದ ಕತೆ ಒಂದೇ. ಊರಲ್ಲಿ ಒಂದು ದಿನ ಊಟಕ್ಕೆ ಕೂತಿದ್ದಾಗ ತಿಕೋಟಾದಿಂದ ತಾರು, ಅಂದರೆ ಟೆಲಿಗ್ರಾಮು, ಹಿಡಿದುಕೊಂಡು ಅಂಚೆಯವ ಬಂದನಂತೆ. ವಿಮಾನ ಖಾತೆಯ ಲಾಲಸಾಬ ಬರ್ಮಾ ಕಡೆ ಯುದ್ಧದಲ್ಲಿ ಕಾಣೆಯಾಗಿದ್ದಾನೆ, ಸತ್ತಿರಬೇಕು ಎಂದು ತಾರು. ಲಾಲಸಾಬ ರೊಟ್ಟಿ ಬಾಯಲ್ಲಿಟ್ಟುಕೊಂಡೇ ಹೊಟ್ಟೆ ಹುಣ್ಣಾಗುವಂತೆ ನಕ್ಕು, "ಸತ್ತಾಂವ ಇಲ್ಲೇ ಉಣ್ಣಾಕತ್ತಾನಂತ ಬರದು ಕಳಸು" ಎಂದನಂತೆ. ಅಂಚೆಯವನೂ ನಕ್ಕು ಹಾಗೆಯೇ ಬರೆದು ವಾಪಸು ಕಳಿಸಿದನಂತೆ. ಮೂರು ತಲೆಮಾರು ಆ ಮನೆಯಲ್ಲಿ ಬೀಗರು ಬಂದಾಗಲೆಲ್ಲ ಈ ಕತೆ ಹೇಳಿ ನಗುತ್ತಿದ್ದರು. ಸೊಸೆಯಾಗಿ ಬಂದ ಅಬೇದಾಳೂ ನಕ್ಕಿದ್ದಳು.

ಹೀಗೆ ನಗುತ್ತ ಇದ್ದಿದ್ದರೆ ಚೆನ್ನಾಗಿತ್ತು. ಆದರೆ ಹಳಿಯ ಈಚೆ ಹೊಸ ರಸ್ತೆಯಾಗಿ, ನಾಲ್ಕು ಹಾದಿ ಕೂಡುವಲ್ಲಿ ಒಂದು ಚೌಕವಾಯಿತು. ಚೌಕಕ್ಕೆ ಹೆಸರು ಬೇಕಾಯಿತು. ಓಣಿಯ ಹಿರಿಯರ ಸಮಿತಿಗೆ ಸಿದ್ದಲಿಂಗೇಶ ಎಂಬ ಸಿಮೆಂಟ್ ವ್ಯಾಪಾರಿ ಅಧ್ಯಕ್ಷ. ಸಭೆಯಲ್ಲಿ ನಿಜಾಮುದ್ದೀನ ಎದ್ದು ನಿಂತು, "ನಮ್ಮಜ್ಜ ವಿಮಾನದಾಗಿನ ಯೋಧ ಇದ್ದನ್ರಿ" ಎಂದುಬಿಟ್ಟ. ನಿವೃತ್ತನಾದ ಮೇಲೆ ಯಾರೂ ಅವನ ಮುಂದೆ ಕೈಕಟ್ಟಿ ನಿಂತಿರಲಿಲ್ಲ. ಆ ಹಸಿವು ಅವನ ಬಾಯಿಂದ ಮಾತಾಡಿತು. ಸಿದ್ದಲಿಂಗೇಶ, "ಚಲೋ ಆತು, ಕಾಗದ ತರಸ್ರಿ" ಎಂದ.

ಬರೆದ. ದಿಲ್ಲಿಯ ವಿಮಾನ ಪಡೆಯ ಕಚೇರಿಯ ಉತ್ತರಕ್ಕೆ ನಿಜಾಮುದ್ದೀನ ತಿಂಗಳುಗಟ್ಟಲೆ ಕಾದ. ಉತ್ತರ ಬಂದಾಗ ಲಕೋಟೆಯಲ್ಲಿ ಒಬ್ಬ ಲಾಲಸಾಬ ಘೋಣಸಗಿಯ ಬದಲು ಇಬ್ಬರಿದ್ದರು.

ಒಂದು ದಾಖಲೆ: ಲಾಲಸಾಬ, ತಂದೆ ಹಸನಸಾಬ, ಹೆಂಡತಿ ಜುಲೇಖಾ. ಕೆಲಸ ಅಡುಗೆ. 1943ರಲ್ಲಿ ಅಡುಗೆಮನೆಯ ತುಪ್ಪ ಹೊರಗೆ ಮಾರಿದ್ದಕ್ಕೆ ನೌಕರಿಯಿಂದ ತೆಗೆದುಹಾಕಿದೆ. ಇನ್ನೊಂದು: ಲಾಲಸಾಬ, ತಂದೆ ಬೀರಪ್ಪ, ಧರ್ಮ ಹಿಂದೂ, ಹೆಂಡತಿ ಸತ್ಯವ್ವ. ವಿಮಾನದ ಹಿಂಬದಿಯಲ್ಲಿ ಬಂದೂಕು ಹಿಡಿದು ಕೂರುವ ಕೆಲಸ. 1944ರ ಫೆಬ್ರುವರಿಯಲ್ಲಿ ಬರ್ಮಾ ಗಡಿಯ ಮೇಲೆ ಹೋದ ವಿಮಾನ ತಿರುಗಿ ಬರಲಿಲ್ಲ, ಸತ್ತನೆಂದು ಭಾವಿಸಿದೆ. ಅದರ ಕೆಳಗೇ ಬೇರೆ ಕೈಯ ಶರಾ: 'ತಾರು ವಾಪಸು ಬಂದಿದೆ. ಸದರಿಯವನು ಬದುಕಿದ್ದು ಊರಲ್ಲಿಯೇ ಇರುತ್ತಾನೆ.' ಜೊತೆಗಿದ್ದ ಪತ್ರದಲ್ಲಿ ಕಚೇರಿಯವರು ಸಜ್ಜನಿಕೆಯಿಂದ ಕೇಳಿದ್ದರು: ಈ ಶರಾದಿಂದಾಗಿ ಇವರು ಒಬ್ಬರೋ ಇಬ್ಬರೋ ನಮಗೆ ತೀರ್ಮಾನಿಸಲಾಗುತ್ತಿಲ್ಲ, ತಂದೆಯ ಹೆಸರು, ಹೆಂಡತಿಯ ಹೆಸರು ನೋಡಿ ತಮ್ಮ ಅಜ್ಜ ಯಾರೆಂದು ತಾವೇ ತಿಳಿಸಿ.

ತಂದೆಯ ಹೆಸರು ನೋಡುವುದನ್ನು ಜಗತ್ತಿನಲ್ಲಿ ಯಾರಿಗಾದರೂ ಹೇಳಿಕೊಡಬೇಕಾಗಿದ್ದರೆ ಅದು ನಿಜಾಮುದ್ದೀನನಿಗಲ್ಲ. ಬೇರೆಯವರ ಅರ್ಜಿಯಾಗಿದ್ದರೆ ಅರೆಗಳಿಗೆಯಲ್ಲಿ ಎಸೆಯುತ್ತಿದ್ದ. ಇದು ಸ್ವಂತದ್ದು. ಎರಡನ್ನೂ ಒಂದೇ ಕಡತದಲ್ಲಿ ಸೇರಿಸಿ ದಾರ ಕಟ್ಟಿದ. ಸಿದ್ದಲಿಂಗೇಶನಿಗೆ ವಿಮಾನದ ಚಿತ್ರವಿದ್ದ ಹಾಳೆಯನ್ನಷ್ಟೇ ತೋರಿಸಿದ. ಅವನು ಅದನ್ನೂ ಓದಲಿಲ್ಲ.

ಆಮೇಲೆ ಶುರುವಾಯಿತು ಭಾಷಣ. ಓಣಿಯ ಕಟ್ಟೆ, ಸಾಲಿಯ ಅಂಗಳ, ಮದುವೆಯ ಊಟದ ಪಂಕ್ತಿ, ಎಲ್ಲಿ ನಾಲ್ಕು ಜನ ಕಂಡರೆ ಅಲ್ಲಿ. ದಾಖಲೆಗಳು ಒಂದಕ್ಕೊಂದು ಹೊಂದದಿದ್ದಷ್ಟೂ ಅಜ್ಜ ದೊಡ್ಡವನಾಗುತ್ತ ಹೋದ. ಅಡುಗೆಯವನೆಂದು ಯಾಕೆ ಬರೆದಿದೆ? ಜಪಾನಿನವರಿಗೆ ಗುರುತು ಸಿಗಬಾರದೆಂದು. ತಂದೆ ಬೀರಪ್ಪ ಯಾಕೆ? ಗುಪ್ತಚರರಿಗೆ ಸರಕಾರವೇ ಬೇರೆ ಅಪ್ಪನನ್ನು ಕೊಡುತ್ತದೆ. ವಿಮಾನ ಬಿದ್ದವನು ಊರಲ್ಲಿ ಹೇಗೆ ಸಿಕ್ಕ? ಕಾಡು ದಾಟಿ ನಡೆದುಕೊಂಡು ಬಂದ, ಎಲೆ ತಿಂದುಕೊಂಡು. ತುಪ್ಪದ ಮಾತನ್ನು ಮಾತ್ರ ಎತ್ತುತ್ತಿರಲಿಲ್ಲ. ಸತ್ಯವ್ವನ ಹೆಸರನ್ನಂತೂ ಹೆಂಡತಿಗೂ ಓದಿ ಹೇಳಿರಲಿಲ್ಲ. ಗುಪ್ತಚರನಿಗೆ ಬೇರೆ ಅಪ್ಪನನ್ನು ಕೊಟ್ಟಷ್ಟು ಸುಲಭವಾಗಿ ಬೇರೆ ಹೆಂಡತಿಯನ್ನು ಕೊಡಲು ಅವನಿಗೆ ಧೈರ್ಯ ಸಾಲಲಿಲ್ಲ.

ಎದುರು ಮನೆಯ ಯುನುಸನಿಗೆ ಸೈಕಲ್ ಪಂಚರ್ ಅಂಗಡಿ. ಅವನೊಬ್ಬ ಕೇಳಿದ.

"ಅಲ್ರೀ ಚಾಚಾ, ನೀವ ಹೇಳಿದಂಗ ನಲವತ್ಮೂರರಾಗ ನಿಮ್ಮಜ್ಜನ್ನ ಮನಿಗಿ ಕಳಿಸ್ಯಾರಂತ ಒಂದು ಕಾಗದ ಅಂತೈತಿ. ನಲವತ್ನಾಕರಾಗ ವಿಮಾನದ ಕೂಡ ಬಿದ್ದಾನಂತ ಇನ್ನೊಂದು. ಮನಿಗಿ ಬಂದಾಂವ ಮ್ಯಾಲಿಂದ ಬೀಳೂದು ಹ್ಯಾಂಗ?"

"ಗುಪ್ತಚರನ ಕೆಲಸ ಅಂದ್ರ ಅದ ಲೇ. ಇಲ್ಲಿ ಕಂಡಂಗ ಕಾಣಬೇಕು, ಅಲ್ಲಿ ಇರಬೇಕು."

"ಹಂಗಾರ ಇಲ್ಲಿ ಕಂಡಾಂವ ಯಾರ್ರಿ?"

"ನೀ ಟ್ಯೂಬಿಗೆ ಗಾಳಿ ಹಾಕು. ಇತಿಹಾಸಕ್ಕ ಹಾಕಬ್ಯಾಡ."

"ಅದಕ್ಕ ನೀವ ಹಾಕಾಕತ್ತೀರಲ್ರಿ ಚಾಚಾ."

ಸುತ್ತ ನಿಂತವರು ನಕ್ಕರು. ನಕ್ಕವರೇ ಮರುವಾರ ಅವನಿಗೆ ಶಾಲು ಹೊದಿಸಿದರು. ಆ ಓಣಿಯ ಬಗ್ಗೆಯೂ ಹೇಳುವಂಥ ಒಳ್ಳೆಯ ಮಾತು ಬಹಳ ಇಲ್ಲ. ಬಿಟ್ಟಿ ಚಹಾ, ಫೋಟೋದಲ್ಲಿ ಒಂದು ಮೂಲೆ ಸಿಕ್ಕರೆ ಯಾರ ಅಜ್ಜ ಯಾವ ಆಕಾಶದಿಂದ ಬಿದ್ದರೂ ಅವರಿಗೆ ಸರಿಯೇ. ಮಹಾನವಮಿ ಮುಗಿದ ಮೇಲೆ ಚೌಕದ ಉದ್ಘಾಟನೆ ಎಂದು ದಿನ ಗೊತ್ತಾಯಿತು. ಫಲಕ ಬರೆಸಿದರು: 'ವಿಮಾನ ವೀರ ಲಾಲಸಾಬ ಘೋಣಸಗಿ ಚೌಕ.' ಪರದೆ ಸರಿಸುವವನು ಮೊಮ್ಮಗ ನಿಜಾಮುದ್ದೀನ ಎಂದು ಪೇಪರಿನಲ್ಲಿಯೂ ಬಂತು.

ಆ ಪೇಪರು ಘೋಣಸಗಿಯ ಕಟ್ಟೆಗೆ ಹೋಯಿತು.

ಮಹಾನವಮಿಗೆ ಮೊದಲಿನ ಅಮಾವಾಸ್ಯೆ ಹತ್ತಿರ ಬಂದಿದ್ದ ಒಂದು ಮಧ್ಯಾಹ್ನ ಎಂಬತ್ತು ದಾಟಿದ ಮುದುಕಿಯೊಬ್ಬಳು ಮಗನ ಹೆಗಲು ಹಿಡಿದು ನಿಜಾಮುದ್ದೀನನ ಬಾಗಿಲಿಗೆ ಬಂದಳು. ಮಗ ಅಮೋಘಸಿದ್ದ, ಕುರಿ ಕಾಯುವವ, ಹೆಗಲ ಮೇಲೆ ಕಂಬಳಿ. ಮುದುಕಿ ಸಕ್ರವ್ವ. ನಿಜಾಮುದ್ದೀನ ಹಾರ ಹಾಕುವವರು ಬಂದರೆಂದು ತಿಳಿದು ಕುರ್ಚಿ ಹಾಕಿಸಿದ. ಅವಳು ಕುರ್ಚಿ ಬಿಟ್ಟು ನೆಲಕ್ಕೆ ಕೂತಳು.

"ಸಾಹೇಬ್ರ, ನಮ್ಮಪ್ಪನ ಹೆಸರೂ ಲಾಲಸಾಬನ್ರಿ. ಕುರುಬರ ಲಾಲಸಾಬ. ಮುಲ್ಕಿ ಪರೀಕ್ಷಾ ಪಾಸಾಗಿ ಮುಂದ ಇಂಗ್ಲಿಷ್ ಸಾಲಿಗೂ ಹೋಗಿದ್ದ. ಅಂವನೂ ವಿಮಾನದ ನೌಕರಿಗೆ ಹೋದಾಂವ. ನಾ ಹೊಟ್ಯಾಗಿದ್ದೆ. ತಿರುಗಿ ಬರಲಿಲ್ರಿ."

ನಿಜಾಮುದ್ದೀನನ ಕೈ ಪಕ್ಕದಲ್ಲಿದ್ದ ಕಡತದ ಮೇಲೆ ಹೋಗಿ ಕೂತಿತು.

"ನಮ್ಮವ್ವ ಸತ್ಯವ್ವ ಸಾಯೂತನಾ ಬಳಿ ತಗೀಲಿಲ್ರಿ. ಬರ್ಮಾದಾಗ ಇನ್ನೊಬ್ಬಾಕಿನ್ನ ಇಟಗೊಂಡಾನಂತ ಮಂದಿ ಆಡ್ಕೊಂಡ್ರು. ಓಡಿಹೋದಾಂವನ ಮಗಳಂತ ನನ್ನ ಲಗ್ನಾನೂ ತಡಾ ಆತು. ಹೋಗಲಿ ಬಿಡ್ರಿ, ಆಡಿದವ್ರೂ ಸತ್ರು. ಈಗ ನನಗ ಒಂದ ಒಂದು ಆಗಬೇಕ್ರಿ. ಮಾನಮಿ ಅಮಾಸಿಗೆ ಹಿರೇರಿಗೆ ಎಡಿ ಹಿಡೀತೀವಿ. ಅಜ್ಜಗ ಹಿಡೀತೀವಿ, ಅವ್ವಗ ಹಿಡೀತೀವಿ. ಅಪ್ಪಗ ಹಿಡದಿಲ್ಲ."

"ಯಾಕ?"

"ಜೀವಂತ ಇದ್ದಾಂವಗ ಎಡಿ ಹಿಡದ್ರ ಕೊಂದಂಗ ಅಲ್ರೀ? ಇಷ್ಟೊತ್ತಿಗೆ ಇರಾಕಿಲ್ಲ, ಅದು ನನಗೂ ತಿಳೀತೈತಿ. ಆದ್ರ ಖಾತ್ರಿ ಇಲ್ದ ಮಗಳಾಗಿ ನಾ ಹ್ಯಾಂಗ ಅವನ ಹೆಸರ್ಲೆ ಎಲಿ ಹಾಕ್ಲಿ? ಎಲ್ಲಾರೂ ಉಣ್ಣೂಮುಂದ ಅಂವ ಒಬ್ಬ ಹೊರಗ ನಿಂತಾನ. ನೀವು ಹುಡಿಕ್ಯಾಡಿ ಕಾಗದ ತರಸೀರಂತ. ಸತ್ತಾನಂತ ಎಲ್ಲೆರ ಬರದಿದ್ರ ಅಷ್ಟ ಓದಿ ಹೇಳ್ರಿ. ನಾನೂ ಹೊಂಟಾಕಿ. ನಾ ಹೋದ್ರ ಅವನ ಹೆಸರು ಹೇಳವ್ರು ಯಾರೂ ಇಲ್ಲ."

ಕೇಳಿದ್ದು ಇಷ್ಟೇ. ಅವಳಿಗೆ ಚೌಕ ಬೇಕಿರಲಿಲ್ಲ, ಫಲಕ ಬೇಕಿರಲಿಲ್ಲ. ಉತ್ತರ ಅವನ ಅಂಗೈ ಕೆಳಗೇ ಇತ್ತು. ಅವನು ಕನ್ನಡಕವನ್ನು ಹಣೆಗೇರಿಸಿದ.

"ನಿಮ್ಮಪ್ಪನ ಕಾಗದ ನನ್ನ ಹತ್ರ ಎಲ್ಲಿ ಬರ್ತೈತ್ರಿ? ಅವೆಲ್ಲಾ ದಿಲ್ಲ್ಯಾಗ ಇರ್ತಾವ. ಅರ್ಜಿ ಹಾಕ್ರಿ. ತಂದಿ ಹೆಸರು ಬರೋಬ್ಬರಿ ಬರೀರಿ, ಇಲ್ಲಂದ್ರ ತಿರುಗಿ ಕಳಸ್ತಾರ."

ಅಬೇದಾ ಚಹಾ ತಂದವಳು ಅಲ್ಲೇ ನಿಂತಿದ್ದಳು. ಬಸಿಗಳನ್ನು ಕೆಳಗಿಟ್ಟು ಕೇಳಿದಳು.

"ಯವ್ವಾ, ನಿಮ್ಮಪ್ಪನ ಅಪ್ಪನ ಹೆಸರೇನು?"

"ಬೀರಪ್ಪಂತ."

"ಬೀರಪ್ಪ!" ಅಬೇದಾ ಗಂಡನ ಕಡೆ ತಿರುಗಿದಳು. "ಸರಕಾರ ಕೊಟ್ಟ ಸುಳ್ಳಪ್ಪ ಅಂತ ಭಾಷಣ ಮಾಡ್ತಿದ್ರೆಲ್ಲಾ, ಅಂವನ ಅಲ್ಲೇನ್ರಿ?"

"ನೀ ಒಳಗ ಹೋಗು."

"ಬಂದಾಗಿಂದ ಒಳಗ ಇದ್ದೇನಿ. ಯವ್ವಾ, ನಿಮ್ಮವ್ವಗ ಒಂದು ತಾರು ಬಂದಿರಲಿಲ್ಲೇನು?"

"ಯಾ ತಾರ ಯವ್ವಾ? ಆವಾಗ ಕುರಿ ತಗೊಂಡು ಹೊಳಿ ದಂಡಿಗೆ ಹೋಗಿದ್ರಂತ. ಊರಾಗ ಮನಿ ಕೀಲಿ ಹಾಕಿತ್ತು."

ಬೀಗರ ಮುಂದೆ ಹೇಳಿ ನಕ್ಕ ಕತೆ, ತಾನೂ ಸೆರಗು ಬಾಯಿಗಿಟ್ಟು ನಕ್ಕ ಕತೆ, ಅದು ಯಾರ ಮನೆಯ ಸಾವೆಂದು ಅಬೇದಾಳಿಗೆ ಆ ಹೊತ್ತಿಗೆ ಹೊಳೆಯಿತು. ಅಂಚೆಯವನು ಲಾಲಸಾಬನ ಮನೆಯೆಂದು ಇವರ ಬಾಗಿಲಿಗೆ ಬಂದಿದ್ದ. ಕುರುಬರ ಬಾಗಿಲಿಗೆ ಬೀಗವಿತ್ತು. ಉಣ್ಣುತ್ತಿದ್ದವನು ತನ್ನ ಹೆಸರೊಂದೇ ಕೇಳಿ, ಪೂರ್ತಿ ಓದಿಸದೆ, ಇನ್ನೊಬ್ಬನನ್ನು ಬದುಕಿಸಿ ಕಳಿಸಿದ್ದ.

ನಿಜಾಮುದ್ದೀನ ಎದ್ದ. "ಇದು ಸರಕಾರದ ಗುಟ್ಟಿನ ವ್ಯವಹಾರ. ಬಸ್ಸು ತಪ್ಪತೈತಿ, ಹೊರಡ್ರಿ."

ಅಮೋಘಸಿದ್ದ ಅವನನ್ನು ಮೇಲಿಂದ ಕೆಳತನಕ ನೋಡಿ, ತಾಯಿಯನ್ನು ಎಬ್ಬಿಸಿದ. "ನಡಿ ಬೇ. ಇಲ್ಲಿ ಮನಷ್ಯಾರು ಸಿಗಂಗಿಲ್ಲ." ಚಹಾ ಹಾಗೇ ಉಳಿಯಿತು.

ಅವರು ಓಣಿ ದಾಟುವ ಮೊದಲೇ ಅಬೇದಾ ಕೇಳಿದಳು. "ಯಾಕ ಹೇಳಲಿಲ್ರಿ?"

"ಬೋರ್ಡ್ ಬರಸ್ಯಾಗೈತಿ. ಕಾರ್ಡ್ ಹಂಚ್ಯಾಗೈತಿ. ಎಲ್ಲಾ ಮುಗೀಲಿ, ಆಮ್ಯಾಲ ನಾನ ಹೋಗಿ ಹೇಳ್ತೇನಿ."

"ಅಮಾಸಿ ಹೋಗತೈತಿ."

"ಸತ್ತಾಂವಗ ಅನ್ನ ಈ ವರ್ಷ ಇಟ್ರೇನು, ಬರೂ ವರ್ಷ ಇಟ್ರೇನು? ಅಂವೇನು ಹಸದಾನೇನು?"

ಅಬೇದಾ ಇಷ್ಟು ವರ್ಷ ಬಾಳಿದ ಮನುಷ್ಯನನ್ನು ಮೊದಲ ಸಲ ಪೂರ್ತಿ ನೋಡಿದವಳಂತೆ ನೋಡಿದಳು. ಅಸಹ್ಯವಾಗಿರಬೇಕು, ಮುಖ ತಿರುಗಿಸಿದಳು. ಮಾರನೆಯ ದಿನ ಅವನು ಸಮಿತಿಯವರೊಂದಿಗೆ ಪೆಂಡಾಲಿನ ಮಾತಿಗೆ ಹೋದಾಗ ಕಡತವನ್ನು ಬುರ್ಖಾದೊಳಗೆ ಇಟ್ಟುಕೊಂಡು ತಿಕೋಟಾದ ಬಸ್ಸು ಹತ್ತಿದಳು. ಅಲ್ಲಿಂದ ಟಂಟಂ ಹಿಡಿದು ಘೋಣಸಗಿಗೆ ಹೋದಳು.

ಊರ ಸಾಲಿಯ ಮಾಸ್ತರಬಾಯಿ ಗೀತಾಂಜಲಿ ಸಕ್ರವ್ವನ ಅಂಗಳದಲ್ಲಿ ಕೂತು ಕಾಗದ ಓದಿ ಹೇಳಿದಳು. ವಿಮಾನ ಹೋದ ದಿನ, ಬರದೇ ಹೋದದ್ದು, ಸತ್ತನೆಂದು ಭಾವಿಸಿದ್ದು. ಸಕ್ರವ್ವ ಅಳಲಿಲ್ಲ.

"ನಮ್ಮವ್ವನ ಹೆಸರು ಐತೇನ್ರಿ ಬಾಯಾರ?"

"ಐತಿ. ಹೆಂಡತಿ, ಸತ್ಯವ್ವ."

"ಇನ್ನೊಮ್ಮಿ ಓದ್ರಿ."

ಗೀತಾಂಜಲಿ ಇನ್ನೊಮ್ಮೆ ಓದಿದಳು. "ಕೇಳಿದ್ಯೇನ್ ಅಮೋಗಿ?" ಸಕ್ರವ್ವ ಮಗನಿಗೆ ಹೇಳಿದಳು. "ಅಂವ ಬರಸಿದ್ದು ನಮ್ಮವ್ವನ ಹೆಸರ. ಬ್ಯಾರೆ ಯಾರೂ ಇರಲಿಲ್ಲ."

ಅಬೇದಾ ತಾರಿನ ಕತೆಯನ್ನು ಮುಚ್ಚಿಡಲಿಲ್ಲ. ಹೇಳಿ, "ನಮ್ಮ ಮನ್ಯಾಗ ಎಲ್ಲಾರೂ ನಕ್ಕೇವಿ ಯವ್ವಾ. ನಾನೂ ನಕ್ಕೇನಿ" ಎಂದಳು.

ಸಕ್ರವ್ವ ಅಬೇದಾ ಬಿಟ್ಟುಕೊಟ್ಟ ಕಾಗದವನ್ನು ಮಡಿಲಿಗಿಟ್ಟುಕೊಂಡು ಹೇಳಿದಳು. "ಬದಕಿದ್ದಾಂವಗ ಸತ್ತೀಯಂತ ತಾರು ಬಂದ್ರ ನಗಲಾರದ ಏನ ಮಾಡ್ತಾನವ್ವಾ? ಆ ಮುದುಕಂದು ಏನೂ ತಪ್ಪಿಲ್ಲ." ಮೊಮ್ಮಗನ ಬಗ್ಗೆ ಅವಳು ಏನನ್ನೂ ಹೇಳಲಿಲ್ಲ. ಹೇಳುವಷ್ಟು ದೊಡ್ಡವನೆಂದು ಅನ್ನಿಸಿರಲಿಕ್ಕಿಲ್ಲ.

ಆ ಅಮಾವಾಸ್ಯೆಗೆ ಕುರುಬರ ಲಾಲಸಾಬನ ಹೆಸರಿಗೆ ಎಲೆ ಬಿತ್ತು. ಹೋಳಿಗೆ, ಬದನೆಕಾಯಿ, ಕಡುಬು. ಸಕ್ರವ್ವ ತಾನೇ ತುಪ್ಪ ಹಾಕಿ, "ಉಣ್ಣೋ ಯಪ್ಪಾ, ತಡಾ ಆತು" ಎಂದಳಂತೆ.

ಇತ್ತ ಅಮೋಘಸಿದ್ದ, ಗೀತಾಂಜಲಿ ಇಬ್ಬರೂ ಸಿದ್ದಲಿಂಗೇಶನ ಅಂಗಡಿಗೆ ಬಂದು ಕಾಗದ ತೋರಿಸಿದರು. ಚೌಕದ ಸಲುವಾಗಿ ಅಲ್ಲ. ತಮ್ಮ ಹಿರಿಯನ ಸಾವಿನ ಮೇಲೆ ಬೇರೆಯವ ಶಾಲು ಹೊದೆಯುವುದು ನಿಲ್ಲಲಿ ಎಂದು. ಸಿದ್ದಲಿಂಗೇಶನ ಮುಖ ಇಳಿಯಿತು. ಸತ್ಯಕ್ಕಾಗಿ ಅಲ್ಲ, ಬಣ್ಣದ ಖರ್ಚಿಗಾಗಿ.

"ಬೋರ್ಡಿನ ಮ್ಯಾಲಿನ ಹೆಸರು ಬದಲಿ ಮಾಡಬೇಕೇನ್ರಿ?"

"ಇಲ್ರಿ," ಎಂದಳು ಗೀತಾಂಜಲಿ. "ಅಂವನ ಹೆಸರೂ ಅದ. ಊರೂ ಅದ."

ಅವನ ಜೀವ ತಿರುಗಿ ಬಂತು. "ಹಂಗಾರ ತಕರಾರ ಏನೈತಿ? ಬೋರ್ಡ್ ಇರಲಿ. ಮೊಮ್ಮಗನ್ನ ಬದಲಿ ಮಾಡೂಣು."

ಹಾಗೇ ಮಾಡಿದರು. ಎಂಥ ಜನ ನೋಡಿ! ಉದ್ಘಾಟನೆಯ ದಿನ ಅದೇ ಪೆಂಡಾಲು, ಅದೇ ಹಾರ, ಅದೇ ಭಾಷಣ. ಪರದೆ ಸರಿಸಿದವನು ಕುರಿ ಕಾಯುವ ಅಮೋಘಸಿದ್ದ. ಪಕ್ಕದಲ್ಲಿ ಸಕ್ರವ್ವ ಹಲಗೆಯ ಮೇಲಿನ ಅಕ್ಷರ ಓದಲು ಬಾರದೆ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದಳು. ನಿಜಾಮುದ್ದೀನ ಬಾಗಿಲು ಹಾಕಿಕೊಂಡು ಒಳಗಿದ್ದ. ಧ್ವನಿವರ್ಧಕದ ಮಾತು ಗೋಡೆ ತೂರಿ ಬರುತ್ತಿತ್ತು. ಒಮ್ಮೆಯೂ ಅವನ ಹೆಸರು ಬರಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ.

ಆಮೇಲೆ ಅವನಿಗೆ ಬದುಕು ಕಷ್ಟವಾಯಿತು. ಅವನ ಮನೆಯ ವಿಳಾಸವೇ ಲಾಲಸಾಬ ಚೌಕದ ಹತ್ತಿರ ಎಂದಾಯಿತು. ಹಾಲಿನವನು, ಗ್ಯಾಸಿನವನು, ಆಟೋದವನು, ಎಲ್ಲರ ಬಾಯಲ್ಲೂ ಅವನಜ್ಜನ ಹೆಸರು. ಯಾರ ಮನಸ್ಸಿನಲ್ಲೂ ಅವನಜ್ಜನಲ್ಲ. ಶಾಲು ಹೊದಿಸಿದವರೇ ಈಗ ಅವನು ಹಾದುಹೋಗುವಾಗ ಕೈಗಳನ್ನು ರೆಕ್ಕೆಯಂತೆ ಚಾಚುತ್ತಿದ್ದರು. ಹಗುರಾಗಿ ಎತ್ತಿದವರು ಹಗುರಾಗಿಯೇ ಒಗೆದರು. ಆದರೂ ಅವನು, "ಎರಡೂ ಒಬ್ಬಾಂವನ. ತನಿಖೆ ಆಗಬೇಕು" ಎಂದು ಇನ್ನೂ ಎರಡು ಅರ್ಜಿ ಬರೆದ. ಮೇಲಿನವರು ತಿರುಗಿ ಕಳಿಸಿದರು. ತಂದೆಯ ಹೆಸರು ಹೊಂದುವುದಿಲ್ಲವಂತೆ.

ಕಡೆಗೆ ಬಬಲೇಶ್ವರದಲ್ಲಿರುವ ಮಗಳು ತರನ್ನುಮಳ ಮನೆಗೆ ಹೋಗಿ ಇದ್ದುಬಿಡುವುದೆಂದು ತೀರ್ಮಾನಿಸಿದ. ಅಲ್ಲಿ ಇವನ ಅಜ್ಜ ಯಾರೆಂದು ಕೇಳುವವರಿಲ್ಲ. ಅಬೇದಾ ಅವನ ಬಟ್ಟೆ ಮಡಿಸಿ ಟ್ರಂಕಿಗೆ ಹಾಕಿಕೊಟ್ಟಳು. ತನ್ನದೊಂದು ಸೀರೆಯನ್ನೂ ಹಾಕಲಿಲ್ಲ.

"ನೀ?"

"ನಾ ಬರಂಗಿಲ್ಲ. ನನಗ ಇಲ್ಲಿ ನಾಚಿಕಿ ಪಡೂವಂಥದ್ದು ಏನೂ ಇಲ್ಲ."

ಆಟೋ ಬಂದು ನಿಂತಿತು. ಅವನು ಚಪ್ಪಲಿ ಮೆಟ್ಟುವಾಗ ಅವಳು ಬಾಗಿಲ ಚೌಕಟ್ಟಿಗೆ ಒರಗಿ ಕೊನೆಯದಾಗಿ ಹೇಳಿದಳು. "ಬಬಲೇಶ್ವರಕ್ಕ ನಾಳೆ ಹೋದ್ರೂ ನಡೀತೈತಿ. ಇವತ್ತ ಘೋಣಸಗಿಗೆ ಹೋಗಿ ಆ ಮುದುಕಿ ಮುಂದ ಒಂದ ಮಾತು ಆಡಿ ಬರ್ರಿ. ಬಂದ್ರ ಈ ಬಾಗಲಾ ತಗದ ಇರ್ತೈತಿ."

"ನಾ ಏನ್ ತಪ್ಪ ಮಾಡೇನಿ? ಕಾಗದ ತರಸಿದ್ದು ಯಾರು? ನಾ ತರಸಲಿಲ್ಲಂದ್ರ ಆಕಿಗೆ ಏನ್ ಗೊತ್ತಾಗ್ತಿತ್ತು? ಆಕೀನ ಬಂದು ನನಗ ಕೈ ಮುಗೀಬೇಕು."

ಅವನು ಟ್ರಂಕನ್ನು ಕಾಲ ನಡುವೆ ಇಟ್ಟುಕೊಂಡು ಆಟೋದಲ್ಲಿ ಕೂತ.

"ಚೌಕದ ಮ್ಯಾಲಿಂದ ಹೋಗ್ಲೇನ್ರಿ?" ಆಟೋದವನು ಕೇಳಿದ.

"ಬ್ಯಾಡ. ಹಳಿ ಬಾಜೂದ ಹಾದಿ ಹಿಡಿ."

"ಅದು ಸುತ್ತಾಕ್ಕೈತ್ರಿ. ತೆಗ್ಗು ಬಾಳ ಅದಾವ."

"ಹಿಡಿ ಅಂದ್ರ ಹಿಡಿ."

ಆಟೋ ತಿರುಗಿತು. ತೆಗ್ಗಿನಲ್ಲಿ ಇಳಿದು ಏಳುವಾಗಲೆಲ್ಲ ಅವನ ತಲೆ ಆಟೋದ ಟಾಪಿಗೆ ಬಡಿಯುವುದು ಓಣಿಯ ತುದಿಯವರೆಗೂ ಕಾಣುತ್ತಿತ್ತು. ಅವನು ತಿರುಗಿ ನೋಡಲಿಲ್ಲ. ಅಬೇದಾ ನೋಡುವಷ್ಟು ನೋಡಿ ಬಾಗಿಲು ಹಾಕಿದಳು, ಒಳಗಿನಿಂದ ಚಿಲಕ ಬಿದ್ದ ಸದ್ದೂ ಕೇಳಿಸಿತು.